ಆರು ಬಿಡುವ ಹೊತ್ತು

ಹೂಡುವುದಕ್ಕೆ ಪಂಚಾಂಗ ನೋಡುವ ನಾಡಿನಲ್ಲಿ ಬಿಡುವುದಕ್ಕೂ ಒಂದು ಧರ್ಮವಿತ್ತು. ಹಾಸನ ಸೀಮೆಯ ಎತ್ತು, ನೊಗ, ಬಂಡಿಯ ಹಾದಿ ಮತ್ತು ದುಡಿಮೆಯ ಮೇರೆಯನ್ನು ಕುರಿತ ಒಂದು ವಿಚಾರ.

ನಮ್ಮ ಬೇಸಾಯದ ವಿಷಯವಾಗಿ ಬರೆದವರೂ ಹಾಡಿದವರೂ ಬಹುಮಟ್ಟಿಗೆ ಹೂಡುವ ಕ್ರಿಯೆಯನ್ನೇ ಕೊಂಡಾಡಿದ್ದಾರೆ. ಅದು ಸಹಜವೂ ಹೌದು. ಯುಗಾದಿಯಲ್ಲಿ ಹೊಸ ಪಂಚಾಂಗವನ್ನು ಕೇಳಿ, ಆ ವರ್ಷ ಯಾರ ಹೆಸರಿಗೆ ಹೊನ್ನಾರು ಕೂಡಿಬಂದಿದೆಯೆಂದು ತಿಳಿದು, ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಅರಿಸಿನ ಕುಂಕುಮವಿಟ್ಟು, ಊರೆಲ್ಲ ಹಿಂದೆ ನಡೆಯುತ್ತಿರಲು ಮೊದಲ ಸಾಲನ್ನು ಎಳೆಯುವ ಸಂಭ್ರಮವನ್ನು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕಂಡವರು ಯಾರು ತಾನೆ ಮರೆತಾರು? ಆದರೆ ಹೀಗೆ ವಿಧಿಪೂರ್ವಕವಾಗಿ ಹೂಡಿದ ಆರನ್ನು ಬಿಡುವ ಕ್ರಿಯೆಗೆ ಮುಹೂರ್ತವೂ ಇಲ್ಲ, ಮಂತ್ರವೂ ಇಲ್ಲ, ನೋಡುವ ಜನವೂ ಇಲ್ಲ. ಅದು ಪ್ರತಿದಿನ, ಬಿಸಿಲೇರುವ ಹೊತ್ತಿಗೆ, ಹೊಲದ ಬದುವಿನ ಮೇಲೆ, ಒಬ್ಬ ಮನುಷ್ಯ ಮತ್ತು ಎರಡು ಮೂಕಪ್ರಾಣಿಗಳ ನಡುವೆ ನಡೆದುಹೋಗುವ ವ್ಯವಹಾರ. ಒಕ್ಕಲಿನ ವಿವೇಕವೂ ದಯೆಯೂ ಪರೀಕ್ಷೆಗೆ ಒಳಗಾಗುತ್ತಿದ್ದುದು ಹೂಡುವ ಹೊತ್ತಿಗಿಂತ ಹೆಚ್ಚಾಗಿ ಈ ಬಿಡುವ ಹೊತ್ತಿನಲ್ಲಿಯೇ ಎಂಬುದು ನನ್ನ ಭಾವನೆ.

ಆಂಗ್ಲಭಾಷೆಯಲ್ಲಿ ಈ ಕ್ರಿಯೆಗೆ ‘ಅನ್‌ಹಾರ್ನೆಸ್’ ಎಂಬ ಮಾತುಂಟು. ಅದರೊಳಗಿನ ‘ಹಾರ್ನೆಸ್’ ಎಂಬುದು ಫ್ರೆಂಚಿನಿಂದ ಬಂದು ಮೊದಲಲ್ಲಿ ಯೋಧನ ಯುದ್ಧಸನ್ನಾಹವನ್ನು ಹೇಳುತ್ತಿದ್ದು, ಬಳಿಕ ಕುದುರೆಯ ಸಜ್ಜಿಗೆ ಸಂದಿತು. ದಕ್ಷಿಣ ಆಫ್ರಿಕಾದ ಬಯಲುಗಳಲ್ಲಿ ಎತ್ತಿನ ಬಂಡಿಗಳನ್ನು ಹೊಡೆದುಕೊಂಡು ವಲಸೆ ಹೋದ ಡಚ್ಚರಿಂದ ‘ಔಟ್‌ಸ್ಪ್ಯಾನ್’ ಎಂಬ ಇನ್ನೊಂದು ಮಾತು ಹುಟ್ಟಿ, ಎತ್ತುಗಳನ್ನು ಬಿಚ್ಚುವ ಕೆಲಸಕ್ಕೂ ಬಿಚ್ಚಿ ತಂಗುವ ತಾಣಕ್ಕೂ ಒಂದೇ ಹೆಸರಾಗಿ ನಿಂತಿತು. ನಮ್ಮಲ್ಲಿಯೂ ದಂಡು ಬಿಟ್ಟ ಕಡೆ ಬೀಡಾಯಿತಷ್ಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಒಕ್ಕಲಿಗನಿಗಾದರೋ ಇಷ್ಟೆಲ್ಲ ಪದಗಳ ಗೊಡವೆಯಿಲ್ಲ. ಹೊಲದಲ್ಲಿ ಆರು ಬಿಡುವುದು, ಹಾದಿಯಲ್ಲಿ ಗಾಡಿ ಬಿಡುವುದು, ಇವೆರಡರಲ್ಲಿ ಅವನ ದಿನಚರಿಯ ಅರ್ಧಭಾಗ ಅಡಗಿತ್ತು.

ಹೊಲದಲ್ಲಿ

ಮುಂಗಾರಿನ ಹದಕ್ಕೆ ರಾಗಿಯ ಹೊಲ ಉಳುವ ದಿನಗಳನ್ನು ತೆಗೆದುಕೊಳ್ಳೋಣ. ಕೋಳಿ ಕೂಗುವ ಹೊತ್ತಿಗೆ ಎದ್ದು, ಗೊಂತಿನಲ್ಲಿ ಉಳಿದ ಹುಲ್ಲನ್ನು ಒಟ್ಟುಮಾಡಿ ಹಾಕಿ, ಬೆಳಕು ಹರಿಯುವುದರೊಳಗೆ ಹೊಲ ಸೇರಿದವನು ಬಿಸಿಲು ನೆತ್ತಿಗೆ ಬರುವುದಕ್ಕೆ ಬಹಳ ಮುಂಚೆಯೇ ಆರು ಬಿಡಬೇಕು. ಇದಕ್ಕೆ ಗಡಿಯಾರವಿರಲಿಲ್ಲ. ಎತ್ತಿನ ಪಕ್ಕೆ ಏರಿ ಇಳಿಯುವ ವೇಗ, ಬಾಯಿಂದ ಇಳಿಯುವ ಜೊಲ್ಲಿನ ನೊರೆ, ಸಾಲಿನ ಕೊನೆಯಲ್ಲಿ ತಿರುಗುವಾಗ ಹಿಂದೆ ಬೀಳುವ ಹೆಜ್ಜೆ, ಇವೇ ಗಡಿಯಾರ. ಮೇಣಿ ಹಿಡಿದ ಕೈ ಎಷ್ಟು ಬಲವಾದದ್ದಾದರೂ ಈ ಲಕ್ಷಣಗಳನ್ನು ಓದಲಾರದ ಕಣ್ಣುಳ್ಳವನು ಒಳ್ಳೆಯ ಆರಂಭಗಾರನೆನಿಸಿಕೊಳ್ಳುತ್ತಿರಲಿಲ್ಲ. “ಇನ್ನೆರಡು ಸಾಲು ಆಗೋಗ್ಲಿ ಕಣಣ್ಣಯ್ಯ” ಎಂದು ಎಳೆಯ ಹುಡುಗ ಹುಮ್ಮಸ್ಸಿನಿಂದ ಹೇಳಿದರೆ, “ಆ ಎರಡು ಸಾಲು ನಾಳೀಕೂ ಅಲ್ಲೇ ಇರ್ತವೆ, ಬಿಡ್ಲಾ ಮೊದ್ಲು” ಎಂದು ಹಿರಿಯನು ಗದರಿಸುವುದು ಈ ಸೀಮೆಯ ಹೊಲಗಳಲ್ಲಿ ತೀರ ಸಾಮಾನ್ಯವಾಗಿ ಕೇಳಿಬರುತ್ತಿದ್ದ ಮಾತು.

ಬಿಡುವುದಕ್ಕೂ ಒಂದು ಕ್ರಮವುಂಟು. ಸಾಲಿನ ನಡುವೆ ಬಿಡಕೂಡದು. ಹಿಡಿದ ಸಾಲನ್ನು ಮುಗಿಸಿ ಬದುವಿನ ಬಳಿಗೆ ಬರಬೇಕು. ನೇಗಿಲನ್ನು ಮಣ್ಣಿನಿಂದ ಎತ್ತಿ, ಗುಳಕ್ಕೆ ಮೆತ್ತಿದ ಮಣ್ಣನ್ನು ಕೆರೆದು, ಈಚಿಗೂ ನೊಗಕ್ಕೂ ಬಿಗಿದ ಮಿಣಿಯನ್ನು ಸಡಿಲಿಸಬೇಕು. ಆಮೇಲೆ ಕೊರಳನ್ನು ಸುತ್ತಿ ನೊಗಕ್ಕೆ ಕಟ್ಟಿದ ಜತ್ತಿಗೆಯ ಗಂಟು. ಅದನ್ನು ಬಿಚ್ಚುವಾಗ ನೊಗವನ್ನು ಒಂದು ಕೈಯಲ್ಲಿ ತಾಳಿಕೊಂಡೇ ಇರಬೇಕು. ಒಂದು ಎತ್ತು ಹೊರಬಂದ ಕೂಡಲೆ ನೊಗದ ಭಾರವೆಲ್ಲ ಮತ್ತೊಂದರ ಹೆಗಲ ಮೇಲೆ ವಾರೆಯಾಗಿ ಬಿದ್ದರೆ ಅದು ಬೆದರಿ ಓಡುತ್ತದೆ, ಇಲ್ಲವೆ ಕೊರಳು ತಿರುಚಿಕೊಳ್ಳುತ್ತದೆ. ಆದಕಾರಣ ಚಂಚಲವಾದ ಎತ್ತನ್ನು ಮೊದಲು ಬಿಟ್ಟು, ತಾಳ್ಮೆಯದನ್ನು ಕಡೆಗೆ ಉಳಿಸಿಕೊಳ್ಳುವವನು ಜಾಣ. ಎರಡೂ ಹೊರಬಂದ ಬಳಿಕ ಅಂಗೈಯಿಂದ ಅವುಗಳ ಹೆಗಲನ್ನು ನೀವುವುದು ವಾಡಿಕೆ. ನೊಗ ಕೂತಿದ್ದ ಕಡೆ ಕೂದಲು ಬೆವರಿನಿಂದ ಒತ್ತಿಕೊಂಡು ನುಣ್ಣಗಾಗಿರುತ್ತದೆ. ಅಲ್ಲಿ ಬೆರಳು ಆಡಿಸಿದರೆ ಚರ್ಮ ಬಿಸಿಯಾಗಿದೆಯೋ, ಬಾವು ಎದ್ದಿದೆಯೋ, ಗಂಟು ಕಟ್ಟುತ್ತಿದೆಯೋ ತಿಳಿಯುತ್ತದೆ. ನೀವುವುದು ಪ್ರೀತಿಯೂ ಹೌದು, ತಪಾಸಣೆಯೂ ಹೌದು.

ಇನ್ನು ಬಿಟ್ಟ ಎತ್ತನ್ನು ನೇರವಾಗಿ ನೀರಿಗೆ ಹೊಡೆಯಬಾರದೆಂಬುದು ಹಿರಿಯರ ಕಟ್ಟಳೆ. ಬೆವರು ಆರುವವರೆಗೆ ನೆರಳಲ್ಲಿ ನಿಲ್ಲಿಸಿ, ಉಸಿರು ಹದಕ್ಕೆ ಬಂದಮೇಲೆ ಕೆರೆಗೋ ಕಟ್ಟೆಗೋ ಬಿಟ್ಟು, ಮನೆಗೆ ಬಂದಾಗ ಬಾನಿಯಲ್ಲಿ ಕಲಗಚ್ಚಿಟ್ಟು, ಉಳ್ಳವರು ಅದಕ್ಕೆ ಹುರುಳಿಯ ನುಚ್ಚನ್ನೂ ಹಿಂಡಿಯನ್ನೂ ಬೆರೆಸಿ ಕುಡಿಸುತ್ತಿದ್ದರು. ಹೊಲದಿಂದ ಮನೆಗೆ ಬರುವ ಈ ಹಾದಿಯಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು: ನೊಗದಿಂದ ಬಿಡುಗಡೆಯಾದ ಎತ್ತುಗಳು ಬರಿಮೈಯಲ್ಲಿ ಮುಂದೆ ನಡೆದರೆ, ನೇಗಿಲನ್ನೂ ನೊಗವನ್ನೂ ಹೆಗಲ ಮೇಲೆ ಹೊತ್ತು ಹಿಂದೆ ಬರುವವನು ಮನುಷ್ಯ. ನೇಗಿಲನ್ನು ತಲೆಕೆಳಗುಮಾಡಿ ನೊಗಕ್ಕೆ ಸಿಕ್ಕಿಸಿ ಎತ್ತುಗಳಿಂದಲೇ ತರಿಸುವ ಪದ್ಧತಿಯೂ ಇತ್ತೆಂಬುದು ನಿಜ. ಆದರೆ ದಣಿದ ಎತ್ತಿನ ಮೇಲೆ ಮತ್ತೆ ಮರವನ್ನು ಹೇರಲು ಮನಸ್ಸು ಒಪ್ಪದವರು ತಾವೇ ಹೊರುತ್ತಿದ್ದರು. ಮಧ್ಯಾಹ್ನದ ಹೊತ್ತು ಒಬ್ಬನು ಊರೊಳಗೆ ಹೇಗೆ ಬಂದನೆಂಬುದನ್ನು ಕಂಡೇ ಅವನು ಎಂಥ ಒಕ್ಕಲೆಂದು ಜಗುಲಿಯ ಮೇಲಿನವರು ನಿರ್ಣಯಿಸುವುದುಂಟು.

ದಿನದ ಬಿಡುವು ಹೀಗಾದರೆ, ವಾರಕ್ಕೊಂದು ಬಿಡುವು ಬೇರೆ. ಹಳೆಯ ಮೈಸೂರಿನ ಬಹುಪಾಲು ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವನ ವಾರ. ಹದ ಕೆಡುತ್ತದೆಂದರೂ, ಮೋಡ ಕವಿದಿದೆಯೆಂದರೂ, ಆ ದಿನ ಆರು ಕಟ್ಟಿದವನನ್ನು ಊರು ಮೆಚ್ಚುತ್ತಿರಲಿಲ್ಲ. ಸಂಕ್ರಾಂತಿಯ ದಿನ ಮೈತೊಳೆದು, ಸಿಂಗರಿಸಿ, ಸಂಜೆ ಕಿಚ್ಚು ಹಾಯಿಸುವವರೆಗೂ ಅವಕ್ಕೆ ರಜವೇ. ಕಾರ್ಖಾನೆಯ ಕೆಲಸಗಾರನಿಗೆ ವಾರದ ರಜ ದೊರಕಿಸಿಕೊಡಲು ಲೋಕದಲ್ಲಿ ಎಷ್ಟು ಹೋರಾಟಗಳು ನಡೆದುವೆಂಬುದನ್ನು ನೆನೆದರೆ, ಅರ್ಜಿಯನ್ನಾಗಲಿ ಮುಷ್ಕರವನ್ನಾಗಲಿ ಅರಿಯದ ಪ್ರಾಣಿಗೆ ಅದನ್ನು ದೇವರ ಹೆಸರಿನಲ್ಲಿ ಭದ್ರಮಾಡಿಕೊಟ್ಟ ಗ್ರಾಮಬುದ್ಧಿಯ ಮುಂದಾಲೋಚನೆ ಸಾಮಾನ್ಯವಾದುದೇನೂ ಅಲ್ಲ. ಬರಿಯ ದಯೆಯನ್ನು ನೆಚ್ಚಿದ್ದರೆ ಸುಗ್ಗಿಯ ಅವಸರದಲ್ಲಿ ಅದು ಕರಗಿಹೋಗುತ್ತಿತ್ತು. ದೇವರ ಭಯ ಹಾಗೆ ಸುಲಭವಾಗಿ ಕರಗತಕ್ಕದ್ದಲ್ಲ.

ಹಾದಿಯಲ್ಲಿ

ಹೊಲದ ಎತ್ತಿನ ದಿನಕ್ಕೆ ಬಿಸಿಲು ಮೇರೆಯಾದಂತೆ ಹಾದಿಯ ಎತ್ತಿಗೆ ನೀರು ಮೇರೆ. ಮಂಜರಾಬಾದಿನ ಕಾಫಿ ಏಲಕ್ಕಿಗಳು ಘಟ್ಟದಿಂದ ಬಯಲಿಗೆ ಇಳಿಯುತ್ತಿದ್ದುದು ಒಂದು ಕಾಲಕ್ಕೆ ಹೇರೆತ್ತುಗಳ ಬೆನ್ನ ಮೇಲೆ. 1834ರಿಂದ 1861ರವರೆಗೆ ಮೈಸೂರಿನ ಆಡಳಿತ ನಡೆಸಿದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ರಸ್ತೆಗಳೂ ಘಟ್ಟದ ದಾರಿಗಳೂ ಆದಂತೆಲ್ಲ ಹೇರಿನ ಜಾಗಕ್ಕೆ ಗಾಡಿ ಬಂದಿತು. ಗಾಡಿಗಳು ಒಂಟಿಯಾಗಿ ಹೋಗುತ್ತಿರಲಿಲ್ಲ. ಕಳ್ಳರ ಭಯಕ್ಕೂ ಜೊತೆಯ ಆಸೆಗೂ ಸಾಲುಗೂಡಿ, ಬೇಸಿಗೆಯಲ್ಲಿ ರಾತ್ರಿ ನಡೆದು, ಬೆಳಗ್ಗೆ ಬಿಸಿಲೇರಿದಾಗ ನೀರೂ ನೆರಳೂ ಇರುವ ಕಡೆ ಬಿಡುತ್ತಿದ್ದುವು. ಆ ಒಂದೊಂದು ಮಜಲಿಗೂ ಕೆರೆಯ ಏರಿ, ಮಾವಿನ ತೋಪು, ಸಾಲುಮರ, ಬಾವಿ, ಛತ್ರ, ಅರವಟ್ಟಿಗೆಗಳಲ್ಲಿ ಯಾವುದಾದರೊಂದು ಗುರುತಿರುತ್ತಿತ್ತು. ದನಗಳು ಕುಡಿಯಲೆಂದು ಗೋಕಟ್ಟೆ ಕಟ್ಟಿಸುವುದನ್ನೂ, ಅವು ಮೈತಿಕ್ಕಿಕೊಳ್ಳಲೆಂದು ಕಲ್ಲು ನೆಡಿಸುವುದನ್ನೂ ಪುಣ್ಯಕಾರ್ಯಗಳ ಸಾಲಿನಲ್ಲಿ ಸೇರಿಸಿದ್ದ ನಾಡು ಇದು. ಹಾದಿಯನ್ನು ನಡೆಯುವವನಿಗಾಗಿ ಮಾತ್ರ ಕಟ್ಟದೆ ನಿಲ್ಲುವವನಿಗಾಗಿಯೂ ಕಟ್ಟಿದ್ದರೆನ್ನಬಹುದು.

ಗಾಡಿ ಬಿಡುವುದು ಆರು ಬಿಡುವುದಕ್ಕಿಂತ ನಾಜೂಕಿನ ಕೆಲಸ. ಹೇರುವಾಗಲೇ ಮುಂಭಾರ ಹಿಂಭಾರಗಳನ್ನು ತೂಗಿಸಿರಬೇಕು. ಮುಂಭಾರ ಹೆಚ್ಚಾದರೆ ಹಾದಿಯುದ್ದಕ್ಕೂ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರ ಹೆಚ್ಚಾದರೆ ಜತ್ತಿಗೆ ಗಂಟಲನ್ನು ಒತ್ತುತ್ತದೆ, ಬಿಚ್ಚಿದ ಕೂಡಲೆ ಮೂಕಿ ಆಕಾಶಕ್ಕೆ ನೆಗೆದು ಸರಕೆಲ್ಲ ಹಿಂದಕ್ಕೆ ಸುರಿಯುತ್ತದೆ. ಆದ್ದರಿಂದ ಗಾಡಿಯವನು ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, ಮೂಕಿಗೆ ಊರುಗೋಲು ಆನಿಸಿ, ಅದು ಭದ್ರವಾಗಿ ನಿಂತಿತೆಂದು ಅಲುಗಿಸಿ ನೋಡಿ, ಅನಂತರವೇ ಕೊರಳಿಗೆ ಕೈಹಾಕುವನು. ಬಿಟ್ಟ ಎತ್ತುಗಳನ್ನು ಗಾಡಿಯ ಚಕ್ರಕ್ಕೇ ಕಟ್ಟಿ, ಗಾಡಿಯ ಅಡಿಯಲ್ಲಿ ಜಾಲರಿಯಲ್ಲಿ ತೂಗುಹಾಕಿದ ಹುಲ್ಲನ್ನು ಹಾಕಿ, ಲಾಳ ಸಡಿಲವಾಗಿದೆಯೇ ಎಂದು ಗೊರಸೆತ್ತಿ ನೋಡಿ, ಕೀಲೆಣ್ಣೆ ಹಾಕಿ, ಆಮೇಲೆ ತನ್ನ ಬುತ್ತಿಯ ಗಂಟನ್ನು ಬಿಚ್ಚುವನು. ಎತ್ತಿನ ಬಾಯಿ ಆಡಿದ ಮೇಲೆ ತನ್ನ ಬಾಯಿ ಎಂಬ ಈ ಅನುಕ್ರಮ ಎಲ್ಲಿಯೂ ಬರೆದಿಟ್ಟದ್ದಲ್ಲ. ಆದರೂ ಅದನ್ನು ಮೀರಿದವನಿಗೆ ಜೊತೆಯ ಗಾಡಿಯವರ ನಾಲಗೆಯಿಂದ ಬಿಡುಗಡೆಯಿರಲಿಲ್ಲ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೇಲೆ ಅರಸೀಕೆರೆಗೆ ರೈಲು ಬಂದಿತು. ಆಗ ಗಾಡಿಗಳು ನಿಂತುಹೋಗಲಿಲ್ಲ, ಹಾದಿ ಬದಲಾಯಿಸಿದವು. ದೂರದ ಮಜಲುಗಳು ಕಡಿಮೆಯಾಗಿ, ಹಳ್ಳಿಯಿಂದ ಸ್ಟೇಷನ್ನಿಗೆ ಹೋಗಿಬರುವ ಅರ್ಧ ದಿನದ ಬಾಡಿಗೆಗಳು ಹೆಚ್ಚಿದವು. ಚನ್ನರಾಯಪಟ್ಟಣಕ್ಕೆ ಆ ಭಾಗ್ಯವೂ ಬೇಗ ಬರಲಿಲ್ಲ. ಅದರ ಮೇಲೆ ಹಾಯುವ ಬೆಂಗಳೂರು–ಹಾಸನ ಹೊಸ ರೈಲುಮಾರ್ಗ ಪೂರ್ಣವಾದದ್ದು 2017ರಲ್ಲಿ. ಅಲ್ಲಿಯ ತೆಂಗಿನಕಾಯಿ, ಕೊಬ್ಬರಿಗಳು ತಿಪಟೂರಿನ ಪೇಟೆ ಸೇರಲು ಬಹುಕಾಲ ಎತ್ತಿನ ಹೆಗಲನ್ನೇ ನೆಚ್ಚಿದ್ದವು, ಬಳಿಕ ಲಾರಿಯನ್ನು. ಹೇಮಾವತಿಗೂ ಕಾವೇರಿಗೂ ನಡುವೆ ಸಿಕ್ಕ ಅರಕಲಗೂಡಿನ ಗಾಡಿಗಳಿಗಾದರೋ ಮಳೆಗಾಲದಲ್ಲಿ ಹೊಳೆಯೇ ಮಜಲನ್ನು ಗೊತ್ತುಮಾಡುತ್ತಿತ್ತು. ನೀರು ಇಳಿಯುವತನಕ ದಡದಲ್ಲಿ ಬಿಟ್ಟುಕೊಂಡು ಕೂರುವುದಲ್ಲದೆ ಬೇರೆ ಉಪಾಯವಿರಲಿಲ್ಲ.

ದಂಡಿನ ಎತ್ತು, ಕಾವಲಿನ ಎತ್ತು

ಬಿಡುವಿನ ಬೆಲೆಯನ್ನು ಒಕ್ಕಲಿಗನಂತೆ ಅರಸನೂ ಅರಿತಿದ್ದನೆಂಬುದಕ್ಕೆ ಅಮೃತಮಹಲ್ಲಿನ ಚರಿತ್ರೆ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದ ಅರಮನೆಯ ದನಗಳ ಇಲಾಖೆ ಹೈದರನ ಕೈಯಲ್ಲಿ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. 1781ರಲ್ಲಿ ಚಿದಂಬರದ ರಕ್ಷಣೆಗೆಂದು ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂಬ ಖ್ಯಾತಿಗೆ ಕಾರಣವಾದುವು ಈ ತಳಿಯ ಎತ್ತುಗಳೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲಿಷರ ವಶವಾದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ಇವುಗಳ ಗುಣವನ್ನು ಚೆನ್ನಾಗಿ ಅರಿತಿದ್ದನು. 1860ರಲ್ಲಿ ಮದರಾಸು ಸರ್ಕಾರ ಖರ್ಚು ಉಳಿಸಲೆಂದು ಮಂದೆಯನ್ನು ಮಾರಿ, ಕೆಲವೇ ವರ್ಷಗಳಲ್ಲಿ ತನ್ನ ತಪ್ಪನ್ನು ತಿಳಿದು, 1866ರಲ್ಲಿ ಮತ್ತೆ ಕೂಡಿಸಲು ತೊಡಗಿತು.

ಈ ವೇಗದ ಹಿಂದೆ ಇದ್ದದ್ದು ಚಾಟಿಯಲ್ಲ, ಕಾವಲು. ಮೈಸೂರು ರಾಜ್ಯದ ಉದ್ದಗಲಕ್ಕೆ ಚೆದುರಿದ ಹುಲ್ಲುಗಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಯನ್ನು ಒಂದರಿಂದ ಮತ್ತೊಂದಕ್ಕೆ ಹೊಡೆಯುತ್ತಿದ್ದರು. ಕರುಗಳು ಕೊಟ್ಟಿಗೆಯನ್ನೇ ಕಾಣದೆ ಬಯಲಿನಲ್ಲಿ ಅರ್ಧ ಕಾಡುಪ್ರಾಣಿಗಳಂತೆ ಬೆಳೆದು, ನಾಲ್ಕನೆಯ ವರ್ಷದ ಸುಮಾರಿಗೆ ಪಳಗುವುದಕ್ಕೆ ಬರುತ್ತಿದ್ದುವು. 7ನೆಯ ವಯಸ್ಸಿಗೆ ಪೂರ್ಣಬಲ, 12ರ ಬಳಿಕ ಇಳಿಗಾಲವೆಂಬುದು ಇಲಾಖೆಯ ಲೆಕ್ಕ. ಐದಾರು ವರ್ಷಗಳ ಉಜ್ವಲವಾದ ದುಡಿಮೆಗೆ ನಾಲ್ಕು ವರ್ಷಗಳ ನಿರ್ಬಂಧವಿಲ್ಲದ ಮೇವು ಬೇಕೆಂಬ ಈ ಗಣಿತವನ್ನು ಸೇನೆಯವರೇ ಒಪ್ಪಿಕೊಂಡಿದ್ದರು. ಅಮೃತಮಹಲ್ಲಿಗೆ ಮೂಲವೆನಿಸಿದ ಹಳ್ಳಿಕಾರ್ ತಳಿಯೇ ನಮ್ಮ ನಾಲ್ಕು ತಾಲೂಕುಗಳ ಒಕ್ಕಲಿಗನ ಹಟ್ಟಿಯ ಹೆಮ್ಮೆ. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ಚಾಚಿದ ನೀಳವಾದ ಕೊಂಬು, ತೆಳುವಾದ ಮುಖದ ಈ ತಳಿಯ ಚಿತ್ರವನ್ನು 2000ದಲ್ಲಿ ಭಾರತದ ಅಂಚೆ ಇಲಾಖೆ ಚೀಟಿಯ ಮೇಲೆ ಅಚ್ಚುಹಾಕಿತು.

ಜಾತ್ರೆಯ ಪರೀಕ್ಷೆ

ಚನ್ನರಾಯಪಟ್ಟಣ ತಾಲೂಕಿನ ಹಿರೀಸಾವೆ ಹೋಬಳಿಯಲ್ಲಿ, ಬೂಕನಬೆಟ್ಟದ ರಂಗನಾಥಸ್ವಾಮಿಯ ಸನ್ನಿಧಿಯಲ್ಲಿ ಸಂಕ್ರಾಂತಿಯ ಆಸುಪಾಸಿಗೆ ಕೂಡುವ ದನಗಳ ಜಾತ್ರೆಯೂ, ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ಸುಬ್ರಹ್ಮಣ್ಯನ ಷಷ್ಠಿಯ ಕಾಲಕ್ಕೆ ಕಾವೇರಿಯ ದಡದಲ್ಲಿ ಕೂಡುವ ಜಾತ್ರೆಯೂ ಇಂದಿಗೂ ಈ ಸೀಮೆಯ ಎತ್ತಿನ ಪೇಟೆಗಳು. ಅಲ್ಲಿ ಕೊಳ್ಳುವವನು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ನೋಡುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಆದರೆ ಅನುಭವಸ್ಥನ ಕೈ ಬಹು ಬೇಗ ಹೋಗುವುದು ಹೆಗಲಿಗೆ. ಅಲ್ಲಿಯ ಚರ್ಮ ಸಮನಾಗಿ ದಪ್ಪಗಟ್ಟಿದ್ದರೆ ಎತ್ತು ಕ್ರಮವಾಗಿ ದುಡಿದಿದೆಯೆಂದೂ, ಒಂದು ಪಕ್ಕ ಗಂಟಾಗಿದ್ದರೆ ಎತ್ತರದಲ್ಲಿ ಸರಿಬಾರದ ಜೊತೆಯಲ್ಲಿ ಹೂಡಿದ್ದರೆಂದೂ, ಮಾಯ್ದ ಹುಣ್ಣಿನ ಕಲೆಯ ಮೇಲೆ ಕೂದಲು ಬೆಳೆಯದೆ ಇದ್ದರೆ ಹುಣ್ಣಾದಾಗಲೂ ಬಿಡದೆ ಕಟ್ಟಿದ್ದರೆಂದೂ ಅದು ತಿಳಿಸುತ್ತದೆ. ಮಾರುವವನು ಟವಲಿನ ಮರೆಯಲ್ಲಿ ಬೆರಳು ಹಿಡಿದು ಏನು ಬೆಲೆ ಹೇಳಿದರೂ, ಆರು ಬಿಡುವ ಹೊತ್ತಿನಲ್ಲಿ ಅವನ ನಡತೆ ಹೇಗಿತ್ತೆಂಬುದನ್ನು ಎತ್ತಿನ ಹೆಗಲು ಮರೆಮಾಚುವುದಿಲ್ಲ.

ಹೀಗೆಂದ ಮಾತ್ರಕ್ಕೆ ಹಿಂದಿನವರೆಲ್ಲ ದಯಾಮೂರ್ತಿಗಳಾಗಿದ್ದರೆಂದು ಭ್ರಮಿಸತಕ್ಕದ್ದಿಲ್ಲ. ಸಾಲದ ಹೊರೆ ಹೊತ್ತವನು, ಒಂದೇ ಜೊತೆ ಎತ್ತಿನಲ್ಲಿ ತನ್ನದನ್ನೂ ಬಾಡಿಗೆಯದನ್ನೂ ಉಳಬೇಕಾದವನು, ಆಲೆಮನೆಯ ಗಾಣಕ್ಕೆ ಹಗಲಿರುಳು ಕಟ್ಟಿದವನು, ಎಲ್ಲರೂ ಇದ್ದರು. ಬಾರುಕೋಲಿನ ತುದಿಗೆ ಮೊಳೆ ಹೊಡೆದವರೂ ಇದ್ದರು. ಮುದಿಯಾದ ಎತ್ತನ್ನು ಸಂತೆಗೆ ಹೊಡೆದು ಹಿಂತಿರುಗಿ ನೋಡದೆ ಬಂದವರಂತೂ ಅಸಂಖ್ಯಾತರು. ಮೇವಿಗೆ ಗತಿಯಿಲ್ಲದವನನ್ನು ಅದಕ್ಕಾಗಿ ಹಳಿಯುವುದೂ ಸುಲಭವಲ್ಲ. ಸೋಮವಾರದ ಕಟ್ಟಳೆ ಹುಟ್ಟಿದ್ದೇ ಇಂಥ ಒತ್ತಡ ಇದ್ದುದರಿಂದ. ಎಲ್ಲರೂ ತಾವಾಗಿಯೇ ಬಿಡುವವರಾಗಿದ್ದರೆ ಕಟ್ಟಳೆಯ ಅಗತ್ಯವೇನಿತ್ತು?

ಬರೆದಿಟ್ಟ ಕಟ್ಟಳೆ

ಗಣರಾಜ್ಯವೂ ಈ ವಿಷಯವನ್ನು ಮರೆಯಲಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿನ ಅಡಿಯಲ್ಲಿ 1965ರಲ್ಲಿ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ಹೊರಟ ನಿಯಮಗಳನ್ನು ಓದಿದರೆ, ಹಳ್ಳಿಯ ಹಿರಿಯನೊಬ್ಬನು ಸರ್ಕಾರದ ಭಾಷೆಯಲ್ಲಿ ಮಾತನಾಡುತ್ತಿರುವಂತೆ ತೋರುತ್ತದೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ನಡುವೆ ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆ ಮೀರಕೂಡದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡಲೇಕೂಡದು. ಮೊನೆಯುಳ್ಳ ಕೋಲನ್ನು ಬಳಸಕೂಡದು. ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ಇನ್ನೊಂದುಂಟು: ಎಳೆಯುವ ಕೆಲಸ ಮುಗಿದ ಮೇಲೆ ಪ್ರಾಣಿಯನ್ನು ನೊಗದಲ್ಲಿಯೇ ಇರಿಸಿಕೊಳ್ಳುವುದು ನಿಯಮಕ್ಕೆ ವಿರೋಧ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತ ಹರಟೆ ಹೊಡೆಯುವವನು ಎತ್ತುಗಳ ಕೊರಳು ಬಿಚ್ಚದೆ ಇದ್ದರೆ ಅದೂ ದೋಷವೇ. ಊರಿನ ನಾಲಗೆ ಮಾಡುತ್ತಿದ್ದ ಕೆಲಸವನ್ನು ಕಾಗದ ವಹಿಸಿಕೊಂಡಿತು.

ವಿಪರ್ಯಾಸವೆಂದರೆ, ನಿಯಮ ಬಂದ ಕಾಲದಿಂದಲೇ ನೊಗಕ್ಕೆ ಇಳಿಗಾಲವೂ ಮೊದಲಾಯಿತು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಪವರ್ ಟಿಲ್ಲರುಗಳ ತಯಾರಿಕೆಗೆ ಬುನಾದಿ ಬಿದ್ದಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಊರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆಯ ನಾಲೆಗಳು ಹರಿದ ಕಡೆ ಬೆಳೆಯ ಅವಧಿಗಳು ಒತ್ತೊತ್ತಾಗಿ, ಕೊಯ್ಲಿಗೂ ಮರು ಉಳುಮೆಗೂ ನಡುವಣ ಬಿಡುವು ಕಿರಿದಾಯಿತು. ಎತ್ತನ್ನು ವರ್ಷವಿಡೀ ಸಾಕಬೇಕು, ಟ್ರ್ಯಾಕ್ಟರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರಬಹುದು. ಮಕ್ಕಳು ಓದಿ ಪೇಟೆ ಸೇರಿದ ಮನೆಯಲ್ಲಿ ಗೊಂತಿಗೆ ಹುಲ್ಲು ಹಾಕುವವರಾರು? ಹೀಗೆ ಲೆಕ್ಕ ಹಾಕಿ ಎತ್ತನ್ನು ಕೈಬಿಟ್ಟವನ ನಿರ್ಧಾರದಲ್ಲಿ ತಪ್ಪು ಹುಡುಕಲಾಗದು. ಈಗ ಹಳ್ಳಿಕಾರ್ ಜೋಡಿಗಳನ್ನು ಲಕ್ಷಗಟ್ಟಲೆ ಕೊಟ್ಟು ತಂದು ಸಿಂಗರಿಸಿ ಮೆರವಣಿಗೆ ಮಾಡುವ ಉತ್ಸಾಹಿಗಳುಂಟು. 1960ರ ಆ ಕಾನೂನಿಗೆ ರಾಜ್ಯ ತಂದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ 18ರಂದು ಎತ್ತಿಹಿಡಿದ ಮೇಲೆ ಎತ್ತಿನಗಾಡಿಯ ಓಟಗಳಿಗೂ ಕಾನೂನಿನ ಆಸರೆ ದೊರೆತಿದೆ. ತಳಿ ಉಳಿಯಲು ಇದೂ ಒಂದು ದಾರಿ. ಆದರೆ ದುಡಿಯದ ಎತ್ತಿಗೆ ಬಿಡುವೂ ಇಲ್ಲ. ಅದರ ಹೆಗಲಿನಿಂದ ಊರು ಕಲಿಯುತ್ತಿದ್ದ ಪಾಠ ಮೆರವಣಿಗೆಯಲ್ಲಿ ಸಿಕ್ಕದು.

ಆ ಪಾಠವಾದರೂ ಏನು? ದುಡಿಮೆಯ ಮೇರೆಯನ್ನು ಗೊತ್ತುಮಾಡಬೇಕಾದದ್ದು ದುಡಿಸುವವನ ಅಗತ್ಯವಲ್ಲ, ದುಡಿಯುವ ದೇಹ. ಎತ್ತಿದ್ದಾಗ ಈ ಮೇರೆ ಮನುಷ್ಯನಿಗೂ ಸಲ್ಲುತ್ತಿತ್ತು. ಎತ್ತು ನಿಂತರೆ ಉಳುವವನೂ ನಿಲ್ಲಲೇಬೇಕು. ಟ್ರ್ಯಾಕ್ಟರಿಗೆ ಹೆಗಲಿಲ್ಲ, ಉಬ್ಬಸವಿಲ್ಲ, ಸೋಮವಾರವಿಲ್ಲ. ಗಂಟೆಗಿಷ್ಟೆಂದು ಬಾಡಿಗೆ ಓಡುತ್ತಿರುವಾಗ ನಿಲ್ಲಿಸಿದ ಒಂದೊಂದು ನಿಮಿಷವೂ ನಷ್ಟ. ಮುಂಗಾರಿನ ಹದ ಬಿದ್ದ ವಾರದಲ್ಲಿ ಅದರ ಮೇಲೆ ಕೂತ ಹುಡುಗನು ಮುಂಜಾನೆ ಹತ್ತಿದರೆ ದೀಪ ಹಾಕಿಕೊಂಡು ನಡುರಾತ್ರಿಯವರೆಗೆ ಒಬ್ಬರ ಹೊಲದಿಂದ ಮತ್ತೊಬ್ಬರ ಹೊಲಕ್ಕೆ ಸುತ್ತುತ್ತಾನೆ. ಅವನ ಬೆನ್ನು ಹಿಡಿದಿದೆಯೇ, ಕಣ್ಣು ಕೂಡುತ್ತಿದೆಯೇ ಎಂದು ಕೇಳುವ ವಾಡಿಕೆ ಇನ್ನೂ ಹುಟ್ಟಿಲ್ಲ. ಬದುವಿನ ಬಳಿ ಟ್ರ್ಯಾಕ್ಟರ್ ಮಗುಚಿತೆಂಬ ಸುದ್ದಿ ಬಂದಾಗ ಮಾತ್ರ ಅಯ್ಯೋ ಎನ್ನುತ್ತೇವೆ.

ಎತ್ತನ್ನು ಮತ್ತೆ ಹೊಲಕ್ಕೆ ತರುವುದು ಆಗದ ಮಾತು. ತರಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವೂ ಇಲ್ಲ. ಆದರೆ ಎತ್ತಿಗಾಗಿ ಊರು ಕಟ್ಟಿಕೊಂಡಿದ್ದ ಕಟ್ಟಳೆಯನ್ನು ಎತ್ತಿನೊಡನೆಯೇ ಸಂತೆಗೆ ಹೊಡೆಯಬೇಕಾಗಿರಲಿಲ್ಲ. ಬಾಡಿಗೆಗೆ ಟ್ರ್ಯಾಕ್ಟರ್ ಕರೆಸುವ ಮನೆಯವನು ಮಧ್ಯಾಹ್ನ ಎಂಜಿನ್ ನಿಲ್ಲಿಸಿ, ಆ ಹುಡುಗನನ್ನು ನೆರಳಿಗೆ ಕರೆದು, ಉಂಡು ಅರ್ಧ ಗಂಟೆ ಒರಗಿದ ಮೇಲೆಯೇ ಹತ್ತಪ್ಪ ಎನ್ನುವುದಕ್ಕೆ ಕಾನೂನೂ ಬೇಕಿಲ್ಲ, ಹೆಚ್ಚಿನ ಖರ್ಚೂ ಆಗದು. ಎತ್ತಿನ ಹೆಗಲನ್ನು ನೀವಿ ನೋಡಿ ಬೆಳೆದ ಸೀಮೆಗೆ ಮನುಷ್ಯನ ದಣಿವನ್ನು ಓದುವುದು ಹೊಸ ವಿದ್ಯೆಯೇನಲ್ಲ.